ವನ್ಯಸಂಪತ್ತಿನ ಕಾವಲುಗಾರ ಆಲ್ಡೊ ಲಿಯೊಪೋಲ್ಡ್

ಹಳ್ಳಿಯ ಕೆರೆ ಯಾರೊಬ್ಬರ ಸ್ವತ್ತೂ ಅಲ್ಲ; ಅದು ಊರಿಗೆಲ್ಲ ಸೇರಿದುದು. ಗೋಮಾಳವೂ ಹಾಗೆಯೇ. ಕೆರೆಯಲ್ಲಿ ಹೂಳು ತುಂಬಿದರೆ ಊರವರು ಕೂಡಿ ಎತ್ತಬಹುದು. ಗೋಮಾಳವನ್ನು ಯಾರಾದರೂ ಒತ್ತಿಕೊಂಡರೆ ಪಂಚಾಯಿತಿ ಸೇರಿಸಿ ಕೇಳಬಹುದು. ಏಕೆಂದರೆ ಅವು ಒಂದೆಡೆ ನಿಂತಿರುವ ಸಂಪತ್ತು, ಅವುಗಳಿಗೆ ಎಲ್ಲೆಯುಂಟು. ಆದರೆ ಕಾಡಿನ ಜಿಂಕೆಗೆ, ಆಕಾಶದಲ್ಲಿ ಹಾರುವ ಬಾತುಕೋಳಿಗೆ, ಬೆಟ್ಟದ ತೋಳಕ್ಕೆ ಎಲ್ಲೆಯಿಲ್ಲ. ಇಂದು ಒಬ್ಬನ ಹೊಲದಲ್ಲಿ ಮೇಯುವ ಜಿಂಕೆ ನಾಳೆ ಇನ್ನೊಬ್ಬನ ಹೊಲದಲ್ಲಿರುತ್ತದೆ. ಅದು ಯಾರಿಗೆ ಸೇರಿದುದು? ಎಲ್ಲರಿಗೂ ಸೇರಿದುದಾದರೆ ಅದನ್ನು ಕಾಯುವ ಹೊಣೆ ಯಾರದು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ತಮ್ಮ ಬಾಳನ್ನೇ ಸವೆಸಿದವರು ಅಮೆರಿಕ ಸಂಯುಕ್ತ ಸಂಸ್ಥಾನದ ಆಲ್ಡೊ ಲಿಯೊಪೋಲ್ಡ್. ಅವರು ಬೇಟೆಗಾರರಾಗಿದ್ದರು, ಅರಣ್ಯಾಧಿಕಾರಿಯಾಗಿದ್ದರು, ಪ್ರಾಧ್ಯಾಪಕರಾಗಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ತಾವು ಮಾಡಿದ ತಪ್ಪನ್ನು ಅರಿತು ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಂಡ ಪ್ರಾಮಾಣಿಕರಾಗಿದ್ದರು.

ಯೂರೋಪಿನ ದೇಶಗಳಲ್ಲಿ ಬೇಟೆಯೆಂಬುದು ಬಹುಕಾಲ ಅರಸರಿಗೂ ಭೂಮಾಲೀಕರಿಗೂ ಮೀಸಲಾದ ಹಕ್ಕಾಗಿತ್ತು. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದ ಜನರು ಆ ಕಟ್ಟಳೆಯನ್ನು ಸಮುದ್ರದಾಚೆಯೇ ಬಿಟ್ಟರು. ಹೊಸ ನಾಡಿನಲ್ಲಿ ಕಾಡುಮೃಗಗಳು ಸರ್ವಜನರ ಸ್ವತ್ತು ಎಂಬ ತತ್ತ್ವ ನೆಲೆಗೊಂಡಿತು. ಒಂದು ರಾಜ್ಯದ ವನ್ಯಮೃಗಗಳು ಅಲ್ಲಿನ ಜನರೆಲ್ಲರ ಪರವಾಗಿ ಸರ್ಕಾರವು ಕಾಪಾಡಬೇಕಾದ ಸಂಪತ್ತು ಎಂದು 1896ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ತೀರ್ಪಿತ್ತಿತು. ತತ್ತ್ವವೇನೋ ಉದಾತ್ತವಾದುದೇ. ಆದರೆ ಎಲ್ಲರಿಗೂ ಸೇರಿದುದನ್ನು ಕಾಯುವವರು ಯಾರೂ ಇಲ್ಲದೆ ಹೋದುದರಿಂದ, ಕೈಗೆ ಸಿಕ್ಕಷ್ಟನ್ನು ಬಾಚಿಕೊಳ್ಳುವುದೇ ರೂಢಿಯಾಯಿತು. ಬಯಲುಸೀಮೆಯನ್ನೆಲ್ಲ ತುಂಬಿದ್ದ ಕೋಟ್ಯಂತರ ಕಾಡುಕೋಣಗಳು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕೆಲವೇ ನೂರಕ್ಕೆ ಇಳಿದುವು. ಹಾರುವಾಗ ಸೂರ್ಯನನ್ನೇ ಮರೆಮಾಡುತ್ತಿದ್ದ ವಲಸೆ ಪಾರಿವಾಳಗಳ ಸಂತತಿಯಲ್ಲಿ ಕಟ್ಟಕಡೆಯದು 1914ರಲ್ಲಿ ಸಿನ್ಸಿನಾಟಿ ನಗರದ ಮೃಗಾಲಯದಲ್ಲಿ ಸತ್ತಿತು. ಇಂತಹ ಕಾಲದಲ್ಲಿ ಲಿಯೊಪೋಲ್ಡ್ ಹುಟ್ಟಿ ಬೆಳೆದರು.

ಆಲ್ಡೊ ಲಿಯೊಪೋಲ್ಡ್ ಹುಟ್ಟಿದುದು 1887ರ ಜನವರಿ 11ರಂದು, ಅಯೋವ ರಾಜ್ಯದ ಬರ್ಲಿಂಗ್‌ಟನ್ ಎಂಬ ಪಟ್ಟಣದಲ್ಲಿ. ಮಿಸಿಸಿಪ್ಪಿ ಮಹಾನದಿಯ ದಂಡೆಯ ಎತ್ತರವಾದ ದಿಣ್ಣೆಯ ಮೇಲೆ ಅವರ ಮನೆಯಿತ್ತು. ತಂದೆ ಕಾರ್ಲ್ ಲಿಯೊಪೋಲ್ಡ್ ಆಕ್ರೋಟದ ಮರದಿಂದ ಮೇಜುಗಳನ್ನು ತಯಾರಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದರು. ತಾಯಿ ಕ್ಲಾರಾ. ಜರ್ಮನ್ ಮೂಲದ ಆ ಕುಟುಂಬದಲ್ಲಿ ಆಲ್ಡೊ ಹಿರಿಯ ಮಗ. ವಸಂತದಲ್ಲಿ ಉತ್ತರಕ್ಕೂ ಶರತ್ಕಾಲದಲ್ಲಿ ದಕ್ಷಿಣಕ್ಕೂ ವಲಸೆ ಹೋಗುವ ಅಸಂಖ್ಯ ಬಾತುಕೋಳಿಗಳು ನದಿಯ ಬಯಲಿನ ಜೌಗಿನಲ್ಲಿ ಇಳಿಯುತ್ತಿದ್ದುವು. ಬಾಲಕ ಆಲ್ಡೊ ಮುಂಜಾವಿಗೇ ಎದ್ದು ತಂದೆಯೊಡನೆ ಆ ಜೌಗಿಗೆ ಹೋಗುತ್ತಿದ್ದನು. ಹಕ್ಕಿಗಳ ಕೂಗು, ಹೆಜ್ಜೆಯ ಗುರುತು, ಗೂಡು ಕಟ್ಟುವ ರೀತಿ ಇವುಗಳನ್ನೆಲ್ಲ ಗಮನಿಸಿ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದನು. ಈ ಅಭ್ಯಾಸ ಅವರ ಬಾಳಿನ ಕೊನೆಯವರೆಗೂ ಉಳಿಯಿತು.

ತಂದೆ ಕಾರ್ಲ್ ನುರಿತ ಬೇಟೆಗಾರರಾಗಿದ್ದರು. ಆದರೆ ವರ್ಷದಿಂದ ವರ್ಷಕ್ಕೆ ಹಕ್ಕಿಗಳು ಕಡಿಮೆಯಾಗುತ್ತಿರುವುದನ್ನು ಅವರು ಕಂಡರು. ವಸಂತಕಾಲವು ಹಕ್ಕಿಗಳು ಜೊತೆಗೂಡಿ ಮರಿಮಾಡಲು ಹೋಗುವ ಕಾಲ. ಆಗ ಒಂದನ್ನು ಹೊಡೆದರೆ ಒಂದು ಸಂಸಾರವನ್ನೇ ಕೊಂದಂತೆ. ಆದುದರಿಂದ ಯಾವ ಕಾನೂನೂ ಬೇಡವೆನ್ನುವ ಮೊದಲೇ ಅವರು ವಸಂತದ ಬೇಟೆಯನ್ನು ಕೈಬಿಟ್ಟರು. ಒಂದು ದಿನಕ್ಕೆ ಇಷ್ಟೇ ಹಕ್ಕಿಗಳೆಂದು ತಮಗೆ ತಾವೇ ಮಿತಿಯನ್ನು ಹಾಕಿಕೊಂಡರು. ನೋಡುವವರು ಯಾರೂ ಇಲ್ಲದ ಜೌಗಿನ ನಡುವೆಯೂ ಆ ಮಿತಿಯನ್ನು ಅವರು ಮೀರಲಿಲ್ಲ. ಸಾಮೂಹಿಕ ಸಂಪತ್ತಿನ ರಕ್ಷಣೆಗೆ ಕಾನೂನಿಗಿಂತ ಮೊದಲು ಬೇಕಾದುದು ಮನಸ್ಸಿನ ಸಂಯಮ ಎಂಬ ಪಾಠವನ್ನು ಮಗನು ಕಲಿತುದು ಶಾಲೆಯಲ್ಲಲ್ಲ, ತಂದೆಯ ಪಕ್ಕದಲ್ಲಿ ಕುಳಿತು.

ಬರ್ಲಿಂಗ್‌ಟನ್ನಿನಲ್ಲಿ ಓದು ಮುಗಿಸಿದ ಮೇಲೆ ಆಲ್ಡೊ ನ್ಯೂಜೆರ್ಸಿ ರಾಜ್ಯದ ಲಾರೆನ್ಸ್‌ವಿಲ್ ಶಾಲೆಯಲ್ಲಿ ಕಲಿತು, ಅನಂತರ ಯೇಲ್ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿನ ಅರಣ್ಯಶಾಸ್ತ್ರದ ಶಾಲೆ ಆಗಿನ್ನೂ ಹೊಸದು. ತಂದೆಯ ಕಾರ್ಖಾನೆ ಕಾಯುತ್ತಿದ್ದರೂ ಮಗನ ಮನಸ್ಸು ಕಾಡಿನ ಕಡೆಗೆ ಎಳೆಯುತ್ತಿತ್ತು. 1909ರಲ್ಲಿ ಪದವಿ ಪಡೆದು ಅವರು ದೇಶದ ಅರಣ್ಯ ಇಲಾಖೆಯನ್ನು ಸೇರಿದರು. ಅವರನ್ನು ಕಳುಹಿಸಿದುದು ನೈಋತ್ಯ ದಿಕ್ಕಿನ ಅರಿಜೋನ ಪ್ರಾಂತದ ಅಪಾಚೆ ಅರಣ್ಯಕ್ಕೆ. ಅಲ್ಲಿ ರಸ್ತೆಗಳಿರಲಿಲ್ಲ, ಕುದುರೆಯೊಂದೇ ವಾಹನ. ಮರಗಳನ್ನು ಅಳೆದು ಲೆಕ್ಕಹಾಕುವ ತಂಡಕ್ಕೆ ಇಪ್ಪತ್ತೆರಡು ವರ್ಷದ ಈ ತರುಣನೇ ಮುಖಂಡ.

ಅದೇ ವರ್ಷ ನಡೆದ ಒಂದು ಘಟನೆ ಅವರ ಬಾಳಿನಲ್ಲಿ ಮುಳ್ಳಿನಂತೆ ನೆಟ್ಟು ನಿಂತಿತು. ಒಂದು ಮಧ್ಯಾಹ್ನ ತಂಡದವರು ಕಡಿದಾದ ಬಂಡೆಯ ಮೇಲೆ ಕುಳಿತು ಊಟಮಾಡುತ್ತಿದ್ದರು. ಕೆಳಗೆ ಹೊಳೆಯನ್ನು ದಾಟಿ ಬಂದ ಪ್ರಾಣಿಯನ್ನು ಮೊದಲು ಜಿಂಕೆಯೆಂದು ಭಾವಿಸಿದರು. ಅದು ದಡವನ್ನೇರಿದಾಗ ತೋಳವೆಂದು ತಿಳಿಯಿತು. ಬೆಳೆದ ಮರಿಗಳು ಬಾಲವಾಡಿಸುತ್ತ ಅದನ್ನು ಎದುರುಗೊಂಡುವು. ತೋಳವನ್ನು ಕಂಡರೆ ಹೊಡೆಯದೆ ಬಿಡುವುದೆಂಬುದನ್ನು ಆ ಕಾಲದಲ್ಲಿ ಯಾರೂ ಕೇಳಿದ್ದಿಲ್ಲ. ಎಲ್ಲರೂ ಬಂದೂಕುಗಳನ್ನೆತ್ತಿ ಗುಂಡು ಹಾರಿಸಿದರು. ತಾಯಿ ತೋಳ ಬಿದ್ದಿತು. ತರುಣ ಲಿಯೊಪೋಲ್ಡ್ ಹತ್ತಿರಕ್ಕೆ ಹೋದಾಗ ಅದರ ಕಣ್ಣುಗಳಲ್ಲಿ ಹಸಿರಾದ ಕಾಂತಿಯೊಂದು ಆರಿಹೋಗುತ್ತಿತ್ತು. ಆಗ ಅವರಿಗೆ ಅದರ ಅರ್ಥ ತಿಳಿಯಲಿಲ್ಲ. ತೋಳಗಳು ಕಡಿಮೆಯಾದರೆ ಜಿಂಕೆಗಳು ಹೆಚ್ಚುವುವು, ತೋಳಗಳೇ ಇಲ್ಲವಾದರೆ ಬೇಟೆಗಾರರಿಗೆ ಸ್ವರ್ಗವೇ ದೊರೆಯುವುದು ಎಂದು ಎಲ್ಲರಂತೆ ಅವರೂ ನಂಬಿದ್ದರು.

1912ರಲ್ಲಿ ಅವರು ನ್ಯೂಮೆಕ್ಸಿಕೋ ರಾಜ್ಯದ ಕಾರ್ಸನ್ ಅರಣ್ಯದ ಮುಖ್ಯಾಧಿಕಾರಿಯಾದರು. ಅದೇ ವರ್ಷ ಸಾಂತಾ ಫೆ ನಗರದ ಎಸ್ಟೆಲಾ ಬರ್ಜೇರ್ ಎಂಬ ಕನ್ಯೆಯನ್ನು ಮದುವೆಯಾದರು. ಮರುವರ್ಷವೇ ಆಪತ್ತು ಬಂದಿತು. ಕಾಡಿನಲ್ಲಿ ಕುದುರೆಯ ಮೇಲೆ ಸುತ್ತುತ್ತಿದ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ, ಮೂತ್ರಪಿಂಡಗಳ ಉರಿಯೂತದಿಂದ ಅವರು ಸಾವಿನ ಬಾಗಿಲವರೆಗೆ ಹೋಗಿಬಂದರು. ಚೇತರಿಸಿಕೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ತಂದೆಯ ಮನೆಯಲ್ಲಿ ವಿಶ್ರಾಂತಿ ಪಡೆಯುತ್ತ ಓದಿದರು, ಆಲೋಚಿಸಿದರು. ಕಾಡೆಂದರೆ ಮರಮುಟ್ಟು ಮಾತ್ರವಲ್ಲ, ಅದರೊಳಗಿನ ಪ್ರಾಣಿಪಕ್ಷಿಗಳೂ ಸೇರಿ ಕಾಡು ಎಂಬ ಭಾವನೆ ಆ ದಿನಗಳಲ್ಲಿ ಗಟ್ಟಿಯಾಯಿತು.

ಕೆಲಸಕ್ಕೆ ಮರಳಿದ ಮೇಲೆ, 1915ರಿಂದ, ವನ್ಯಮೃಗಗಳ ರಕ್ಷಣೆಯ ಕಾರ್ಯ ಅವರ ಪಾಲಿಗೆ ಬಂದಿತು. ಅವರು ಊರಿಂದೂರಿಗೆ ತಿರುಗಿ ಬೇಟೆಗಾರರ, ಪಶುಪಾಲಕರ, ಪಟ್ಟಣಿಗರ ಸಂಘಗಳನ್ನು ಕಟ್ಟಿದರು. ಕಳ್ಳಬೇಟೆಯನ್ನು ತಡೆಯಬೇಕು, ಇರುವ ಕಾನೂನುಗಳನ್ನು ಎಲ್ಲರಿಗೂ ಸಮನಾಗಿ ಜಾರಿಗೆ ತರಬೇಕು ಎಂದು ವಾದಿಸಿದರು. ಸಂಘಗಳಿಗಾಗಿ ಒಂದು ಚಿಕ್ಕ ಪತ್ರಿಕೆಯನ್ನೂ ಹೊರಡಿಸಿದರು. ಅವರ ಕಾರ್ಯವನ್ನು ಮೆಚ್ಚಿ ಮಾಜಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪತ್ರ ಬರೆದರು. ಆದರೆ ಇದೇ ಉತ್ಸಾಹದಲ್ಲಿ ಲಿಯೊಪೋಲ್ಡ್ ಇನ್ನೊಂದು ಕಾರ್ಯಕ್ಕೂ ಜನರನ್ನು ಹುರಿದುಂಬಿಸಿದರು. ತೋಳ ಮತ್ತು ಪ್ಯೂಮಾಗಳನ್ನು ಕಡೆಯ ಒಂದೂ ಉಳಿಯದಂತೆ ನಿರ್ಮೂಲ ಮಾಡಬೇಕೆಂದು ಅವರು ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ ಸಾರಿದರು. ಆ ಪ್ರದೇಶದ ತೋಳಗಳ ನಾಶದಲ್ಲಿ ಅವರ ಮಾತಿನ ಪಾಲೂ ಇತ್ತು.

1924ರಲ್ಲಿ ಅವರ ಪ್ರಯತ್ನದ ಫಲವಾಗಿ ನ್ಯೂಮೆಕ್ಸಿಕೋದ ಗಿಲಾ ಅರಣ್ಯದಲ್ಲಿ ಸುಮಾರು ಏಳೂವರೆ ಲಕ್ಷ ಎಕರೆ ಪ್ರದೇಶವನ್ನು ರಸ್ತೆ, ಕಟ್ಟಡಗಳಿಲ್ಲದ ನಿಜಾರಣ್ಯವಾಗಿಯೇ ಉಳಿಸಬೇಕೆಂದು ಅರಣ್ಯ ಇಲಾಖೆ ಗೊತ್ತುಮಾಡಿತು. ಅದೇ ವರ್ಷ ಅವರಿಗೆ ಉತ್ತರದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರಕ್ಕೆ ವರ್ಗವಾಯಿತು. ನಾಲ್ಕು ವರ್ಷಗಳ ಅನಂತರ ಅವರು ಸರ್ಕಾರಿ ಕೆಲಸವನ್ನು ಬಿಟ್ಟು, ಮಧ್ಯಪ್ರಾಂತದ ರಾಜ್ಯಗಳಲ್ಲಿ ವನ್ಯಪ್ರಾಣಿಗಳ ಸ್ಥಿತಿಗತಿಯನ್ನು ಪರಿಶೀಲಿಸಲು ಹೊರಟರು. ಇಲ್ಲಿನ ಸಮಸ್ಯೆ ಬೇರೆಯಾಗಿತ್ತು. ಪಶ್ಚಿಮದ ಕಾಡುಗಳು ಬಹುಮಟ್ಟಿಗೆ ಸರ್ಕಾರದವು. ಇಲ್ಲಿಯ ನೆಲವೆಲ್ಲ ರೈತರದು. ಯಂತ್ರದ ಬೇಸಾಯ ಹೆಚ್ಚಿದಂತೆಲ್ಲ ರೈತರು ಬೇಲಿಯ ಪೊದೆಗಳನ್ನು ಕಡಿದು, ಜೌಗನ್ನು ಬತ್ತಿಸಿ, ಹಳ್ಳದ ಅಂಚಿನವರೆಗೂ ಉತ್ತಿದ್ದರು. ಲಾವಕ್ಕಿಗೆ ಗೂಡು ಕಟ್ಟಲು ಗಿಡವಿಲ್ಲ, ಹಿಮ ಬೀಳುವಾಗ ಮರೆಯಿಲ್ಲ, ತಿನ್ನಲು ಕಾಳಿಲ್ಲ. ಬೇಟೆಯನ್ನು ಎಷ್ಟೇ ನಿಷೇಧಿಸಿದರೂ ಹಕ್ಕಿಗಳು ಹೆಚ್ಚುವಂತಿರಲಿಲ್ಲ.

ಇಲ್ಲಿ ಒಂದು ತೊಡಕು ಸ್ಪಷ್ಟವಾಯಿತು. ಕಾನೂನಿನ ಪ್ರಕಾರ ಹಕ್ಕಿ ಸರ್ವಜನರದು. ಅದು ಬದುಕುವ ಹೊಲ ಮಾತ್ರ ಒಬ್ಬ ರೈತನದು. ಹಕ್ಕಿಗೆಂದು ರೈತನು ನಾಲ್ಕು ಗುಂಟೆ ಪೊದೆಯನ್ನು ಉಳಿಸಿದರೆ ನಷ್ಟ ಅವನೊಬ್ಬನದು. ಹಕ್ಕಿಯನ್ನು ಹೊಡೆದೊಯ್ಯುವವನು ಪಟ್ಟಣದಿಂದ ಬಂದ ಅಪರಿಚಿತ. ಅವನು ಬೇಲಿ ಮುರಿದು, ಬೆಳೆ ತುಳಿದು ಹೋದರೂ ಕೇಳುವವರಿಲ್ಲ. ಹೀಗಿರಲು ರೈತನು ಹಕ್ಕಿಗಳನ್ನು ಏಕೆ ಸಾಕಬೇಕು? 1930ರಲ್ಲಿ ರಾಷ್ಟ್ರಕ್ಕೆ ಒಂದು ಹೊಸ ವನ್ಯಮೃಗನೀತಿಯನ್ನು ರೂಪಿಸಿದ ಸಮಿತಿಗೆ ಲಿಯೊಪೋಲ್ಡ್ ಅಧ್ಯಕ್ಷರಾಗಿದ್ದರು. ಮೃಗಗಳು ಸರ್ವಜನರ ಸ್ವತ್ತಾಗಿಯೇ ಉಳಿಯಲಿ. ಆದರೆ ಅವುಗಳನ್ನು ತನ್ನ ನೆಲದಲ್ಲಿ ಪಾಲಿಸುವ ರೈತನೇ ಅವುಗಳ ನಿಜವಾದ ಪಾಲಕನೆಂದು ಒಪ್ಪಿ, ಅವನ ಶ್ರಮಕ್ಕೆ ತಕ್ಕ ಪ್ರತಿಫಲ ದೊರೆಯುವಂತೆ ಮಾಡಬೇಕು. ರೈತ, ಬೇಟೆಗಾರ, ಬೇಟೆಯಾಡದ ಸಾಮಾನ್ಯ ಪ್ರಜೆ ಈ ಮೂವರೂ ಹೊಣೆಯನ್ನು ಹಂಚಿಕೊಳ್ಳಬೇಕು ಎಂಬುದು ಆ ನೀತಿಯ ಸಾರ.

ಹೇಳಿದುದನ್ನು ಮಾಡಿ ತೋರಿಸುವ ಅವಕಾಶವೂ ಬೇಗನೆ ಒದಗಿತು. 1931ರ ಒಂದು ದಿನ ಮ್ಯಾಡಿಸನ್ ನಗರದ ಸಮೀಪದ ರೈಲಿ ಎಂಬ ಹಳ್ಳಿಯ ಕಡೆಗೆ ಹೋಗಿದ್ದ ಲಿಯೊಪೋಲ್ಡ್ ಕುಡಿಯುವ ನೀರಿಗಾಗಿ ಒಬ್ಬ ರೈತನ ಮನೆಯ ಬಳಿ ನಿಂತರು. ಮಾತಿಗೆ ಮಾತು ಬೆಳೆದಾಗ ಆ ರೈತನು ಅಪ್ಪಣೆಯಿಲ್ಲದೆ ಹೊಲಕ್ಕೆ ನುಗ್ಗುವ ಬೇಟೆಗಾರರ ಕಾಟವನ್ನು ಹೇಳಿಕೊಂಡನು. ಹಕ್ಕಿಗಳಿಲ್ಲವೆಂಬುದು ಲಿಯೊಪೋಲ್ಡರ ದುಃಖ. ನುಗ್ಗುವವರು ಹೆಚ್ಚಾದರೆಂಬುದು ರೈತನ ದುಃಖ. ಈ ಎರಡು ದುಃಖಗಳಿಗೂ ಮೂಲ ಒಂದೇ ಎಂಬುದು ಇಬ್ಬರಿಗೂ ಹೊಳೆಯಿತು. ನೆರೆಹೊರೆಯ ರೈತರನ್ನೂ ನಗರದ ಕೆಲವು ಗೆಳೆಯರನ್ನೂ ಸೇರಿಸಿಕೊಂಡು ಅವರು ಒಂದು ಸಹಕಾರಿ ಕೂಟವನ್ನು ಕಟ್ಟಿದರು.

ಕೂಟದ ನಿಯಮಗಳು ಸರಳವಾಗಿದ್ದುವು. ರೈತರು ತಮ್ಮ ಹೊಲಗಳ ಮೂಲೆಗಳಲ್ಲಿ, ಹಳ್ಳದ ದಂಡೆಗಳಲ್ಲಿ ದನಗಳು ನುಗ್ಗದಂತೆ ಬೇಲಿ ಹಾಕಿ ಗಿಡಗಂಟಿಗಳನ್ನು ಬೆಳೆಯಬಿಟ್ಟರು. ಚಳಿಗಾಲದಲ್ಲಿ ಹಕ್ಕಿಗಳಿಗೆ ಕಾಳು ಹಾಕಿದರು. ನಗರದ ಸದಸ್ಯರು ಕಾಳು, ಬೇಲಿ, ಸಸಿಗಳಿಗೆ ಬೇಕಾದ ಹಣವನ್ನು ಕೊಟ್ಟುದಲ್ಲದೆ, ಹಳ್ಳಿಗೆ ಬಂದು ಕೈಯಾರೆ ದುಡಿದರು. ಕೂಟದ ಅಪ್ಪಣೆಯಿಲ್ಲದೆ ಯಾರೂ ಬೇಟೆಯಾಡುವಂತಿರಲಿಲ್ಲ. ವರ್ಷಕ್ಕೆ ಎಷ್ಟು ಹಕ್ಕಿಗಳನ್ನು ತೆಗೆಯಬಹುದೆಂಬುದನ್ನು ಎಣಿಕೆಯ ಆಧಾರದಿಂದ ನಿಶ್ಚಯಿಸುತ್ತಿದ್ದರು. ಬೇಟೆಯ ಪಾಲು ರೈತನಿಗೂ ಉಂಟು, ನಗರದವನಿಗೂ ಉಂಟು. ಮೊದಮೊದಲು ಹೊರಗಿನಿಂದ ತಂದು ಬಿಟ್ಟ ಫೆಸೆಂಟ್ ಹಕ್ಕಿಗಳು ಕ್ರಮೇಣ ನೆಲೆಯೂರಿದುವು. ಮರೆ ಬೆಳೆದ ಕಡೆಗಳಲ್ಲಿ ಹಾಡುಹಕ್ಕಿಗಳೂ ಬಂದು ಸೇರಿದುವು. ಇದಕ್ಕಿಂತ ದೊಡ್ಡ ಲಾಭವೆಂದರೆ ಹಳ್ಳಿಯವರೂ ನಗರದವರೂ ಒಬ್ಬರನ್ನೊಬ್ಬರು ಅರಿತುದು. ಇಂತಹ ಕೂಟಗಳು ಬೇರೆಡೆ ಅನೇಕ ಹುಟ್ಟಿ ಬೇಗನೆ ಅಳಿದುವು. ರೈಲಿಯ ಕೂಟವು ಲಿಯೊಪೋಲ್ಡರು ಬದುಕಿರುವವರೆಗೂ ನಡೆಯಿತು. ಹೊಣೆಯೂ ಫಲವೂ ಒಂದೇ ಕೈಗಳಲ್ಲಿದ್ದುದೇ ಅದಕ್ಕೆ ಕಾರಣ.

1933ರಲ್ಲಿ ಅವರ ಮಹತ್ತ್ವದ ಗ್ರಂಥ ಪ್ರಕಟವಾಯಿತು. ವನ್ಯಮೃಗಗಳ ನಿರ್ವಹಣೆಯನ್ನು ಒಂದು ಶಾಸ್ತ್ರವಾಗಿ ನಿರೂಪಿಸಿದ ಮೊದಲ ಪಠ್ಯಗ್ರಂಥವದು. ಕಾಡನ್ನು ಹಾಳುಮಾಡಿದ ಕೊಡಲಿ, ನೇಗಿಲು, ದನ, ಬೆಂಕಿ, ಬಂದೂಕು ಇವೇ ಸಾಧನಗಳನ್ನು ವಿವೇಕದಿಂದ ಬಳಸಿದರೆ ಕಳೆದುಹೋದುದನ್ನು ಮರಳಿ ಪಡೆಯಬಹುದೆಂಬುದು ಅದರ ತಿರುಳು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು ಅವರಿಗಾಗಿಯೇ ಈ ಶಾಸ್ತ್ರದ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಿತು. ಅವರು ತರಗತಿಯಲ್ಲಿ ಪಾಠ ಹೇಳಿದುದಷ್ಟೇ ಅಲ್ಲದೆ, ರೈತರಿಗಾಗಿ ಆಕಾಶವಾಣಿಯಲ್ಲಿ ಮಾತನಾಡಿದರು. ವಿದ್ಯಾರ್ಥಿಗಳನ್ನು ಹೊಲಗದ್ದೆಗಳಿಗೆ ಕರೆದೊಯ್ದು ನೆಲವನ್ನು ಓದುವುದನ್ನು ಕಲಿಸಿದರು.

ಈ ನಡುವೆ ತೋಳದ ವಿಷಯದಲ್ಲಿ ಅವರ ಹಳೆಯ ನಂಬಿಕೆ ಸಡಿಲವಾಗತೊಡಗಿತ್ತು. ಅರಿಜೋನದ ಕೈಬಾಬ್ ಪ್ರಸ್ಥಭೂಮಿಯನ್ನು 1906ರಲ್ಲಿ ಮೃಗಧಾಮವೆಂದು ಸಾರಿ, ಜಿಂಕೆಯ ಬೇಟೆಯನ್ನು ನಿಲ್ಲಿಸಿ, ಅಲ್ಲಿನ ಹಿಂಸ್ರಪಶುಗಳನ್ನು ಕೊಲ್ಲಿಸಲಾಗಿತ್ತು. ಜಿಂಕೆಗಳು ಮಿತಿಮೀರಿ ಹೆಚ್ಚಿ, ಚಿಗುರನ್ನೆಲ್ಲ ಮೇದು, 1924ರ ಚಳಿಗಾಲದ ಹೊತ್ತಿಗೆ ಹಸಿವಿನಿಂದ ಸಾವಿರಗಟ್ಟಲೆ ಸತ್ತುವು. ಇದಕ್ಕೆ ಬೇರೆ ಕಾರಣಗಳೂ ಇದ್ದುವೆಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಆದರೆ ಲಿಯೊಪೋಲ್ಡರನ್ನು ಇದು ಆಲೋಚನೆಗೆ ಹಚ್ಚಿತು. 1935ರಲ್ಲಿ ಅವರು ಜರ್ಮನಿಗೆ ಹೋದರು. ಅಲ್ಲಿನ ಕಾಡುಗಳಲ್ಲಿ ಮರಗಳು ಸಾಲಾಗಿ ನಿಂತಿದ್ದುವು, ಜಿಂಕೆಗಳಿಗೆ ಮೇವನ್ನು ಮನುಷ್ಯರೇ ಹಾಕುತ್ತಿದ್ದರು, ತೋಳಗಳ ಸುಳಿವಿರಲಿಲ್ಲ, ನೆಲದ ಮೇಲೆ ಹೂಗಿಡವೊಂದೂ ಉಳಿದಿರಲಿಲ್ಲ. ಮರುವರ್ಷ ಮೆಕ್ಸಿಕೋ ದೇಶದ ಸಿಯೆರಾ ಮಾದ್ರೆ ಬೆಟ್ಟಗಳಲ್ಲಿ ಅವರು ಕಂಡುದು ಇದಕ್ಕೆ ವಿರುದ್ಧವಾದ ನೋಟ. ಅಲ್ಲಿ ತೋಳಗಳಿದ್ದುವು, ಪ್ಯೂಮಾಗಳಿದ್ದುವು, ಜಿಂಕೆಗಳೂ ಹೇರಳವಾಗಿದ್ದುವು. ಹುಲ್ಲು ಹಸಿರಾಗಿತ್ತು, ಹೊಳೆಯ ನೀರು ತಿಳಿಯಾಗಿತ್ತು. ಜಿಂಕೆಯು ತೋಳಕ್ಕೆ ಅಂಜುವಂತೆ ಬೆಟ್ಟವು ಜಿಂಕೆಗೆ ಅಂಜಬೇಕಾಗುತ್ತದೆ ಎಂಬ ಸತ್ಯ ಅವರಿಗೆ ಆಗ ಮನದಟ್ಟಾಯಿತು.

ಅರಿತುದು ಒಂದು; ತಾನೂ ತಪ್ಪಿತಸ್ಥನೆಂದು ಹೇಳುವುದು ಇನ್ನೊಂದು. 1944ರಲ್ಲಿ, ಅವರ ಬರಹಗಳನ್ನು ಓದಿದ ಹಳೆಯ ಶಿಷ್ಯರೊಬ್ಬರು, ತೋಳಗಳ ನಾಶದಲ್ಲಿ ಗುರುಗಳ ಪಾಲೂ ಇದ್ದುದನ್ನು ನೆನಪಿಸಿ, ಅದನ್ನು ಮರೆಮಾಚದೆ ಬರೆಯಬೇಕೆಂದು ಪತ್ರದಲ್ಲಿ ಒತ್ತಾಯಿಸಿದರು. ಶಿಷ್ಯನ ಮಾತೆಂದು ಲಿಯೊಪೋಲ್ಡ್ ಮುನಿಯಲಿಲ್ಲ. ಮೂವತ್ತೈದು ವರ್ಷಗಳ ಹಿಂದೆ ಅಪಾಚೆ ಅರಣ್ಯದ ಬಂಡೆಯ ಬಳಿ ನಡೆದುದನ್ನು ಅವರು ಒಂದು ಚಿಕ್ಕ ಪ್ರಬಂಧವಾಗಿ ಬರೆದರು. ಆರಿಹೋದ ಆ ಕಣ್ಣಿನ ಕಾಂತಿಯ ಅರ್ಥ ಅದರಲ್ಲಿ ಮೂಡಿತು. ಇಂದಿಗೂ ಜಗತ್ತಿನಾದ್ಯಂತ ಜನರು ಓದುವ ಬರಹಗಳಲ್ಲಿ ಅದೊಂದು.

ಅಷ್ಟರಲ್ಲಿ ಅವರ ನಾಡಿನಲ್ಲಿಯೇ ಕೈಬಾಬಿನ ಕಥೆ ಮರುಕಳಿಸುವಂತೆ ತೋರಿತು. ವಿಸ್ಕಾನ್ಸಿನ್ನಿನ ಉತ್ತರದ ಕಾಡುಗಳಲ್ಲಿ ಜಿಂಕೆಗಳು ಮೇವಿಗೆ ಮೀರಿ ಹೆಚ್ಚಿದ್ದುವು. ಬಹುಕಾಲದಿಂದ ಗಂಡು ಜಿಂಕೆಗಳನ್ನು ಮಾತ್ರ ಬೇಟೆಯಾಡಬಹುದೆಂಬ ನಿಯಮವಿತ್ತು; ತೋಳಗಳು ಹೆಚ್ಚುಕಡಿಮೆ ಇಲ್ಲವಾಗಿದ್ದುವು. 1942ರಲ್ಲಿ ನಾಗರಿಕರ ಸಮಿತಿಯೊಂದು ಲಿಯೊಪೋಲ್ಡರ ಅಧ್ಯಕ್ಷತೆಯಲ್ಲಿ ರಚಿತವಾಯಿತು. ಸದಸ್ಯರು ಚಳಿಗಾಲ ಕಳೆಯುವ ಸಮಯದಲ್ಲಿ ಹಿಮದಲ್ಲಿ ನಡೆದುಹೋಗಿ ಕಾಡನ್ನು ಕಣ್ಣಾರೆ ಕಂಡರು. ಎಟುಕುವಷ್ಟು ಎತ್ತರದವರೆಗೆ ಮರಗಳ ಸೊಪ್ಪೆಲ್ಲ ಮಾಯವಾಗಿತ್ತು. ಎಳೆಯ ಮರಿಗಳು ಹಸಿವಿನಿಂದ ಸತ್ತು ಬಿದ್ದಿದ್ದುವು. ಹೆಣ್ಣು ಜಿಂಕೆಗಳನ್ನೂ ಒಂದಷ್ಟು ತೆಗೆಯದಿದ್ದರೆ ಕಾಡೂ ಉಳಿಯದು, ಜಿಂಕೆಯೂ ಉಳಿಯದು ಎಂದು ಸಮಿತಿ ನಿರ್ಣಯಿಸಿತು. 1943ರಲ್ಲಿ ಲಿಯೊಪೋಲ್ಡ್ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರೂ ಆದರು. ಆ ವರ್ಷದ ಬೇಟೆಯ ಕಾಲದಲ್ಲಿ ಹೆಣ್ಣು ಜಿಂಕೆಗಳ ಬೇಟೆಗೂ ಕೆಲವು ದಿನ ಅನುಮತಿ ದೊರೆಯಿತು. ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಜಿಂಕೆಗಳು ಬಲಿಯಾದುವು.

ರಾಜ್ಯದಲ್ಲಿ ಕೋಲಾಹಲವೆದ್ದಿತು. ಮುದ್ದಾದ ಹೆಣ್ಣು ಜಿಂಕೆಯನ್ನೂ ಮರಿಯನ್ನೂ ಕೊಲ್ಲಿಸಿದ ಕ್ರೂರಿಯೆಂದು ಜನರು ಅವರನ್ನು ಜರೆದರು. ಅವರನ್ನು ನಿಂದಿಸಲೆಂದೇ ಒಂದು ಪತ್ರಿಕೆ ಹುಟ್ಟಿಕೊಂಡಿತು. ಬಾಳಿನುದ್ದಕ್ಕೂ ವನ್ಯಜೀವಿಗಳಿಗಾಗಿ ದುಡಿದವರೇ ವನ್ಯಜೀವಿಗಳ ಶತ್ರುವೆನಿಸಿಕೊಂಡರು. ಮುಂದಿನ ವರ್ಷಗಳಲ್ಲಿ ಆಯೋಗವೂ ಹಿಂದೆ ಸರಿದು ಹಳೆಯ ನಿಯಮಕ್ಕೇ ಮರಳಿತು. ಜಿಂಕೆಗಳು ಜನರೆಲ್ಲರ ಸ್ವತ್ತಾದುದರಿಂದ ಜನಾಭಿಪ್ರಾಯವನ್ನು ಬದಿಗೊತ್ತುವಂತಿರಲಿಲ್ಲ. ಆದರೆ ಜನಾಭಿಪ್ರಾಯಕ್ಕೆ ಬೆದರಿ ಕಂಡ ಸತ್ಯವನ್ನು ಮುಚ್ಚಿಡುವಂತೆಯೂ ಇರಲಿಲ್ಲ. ಲಿಯೊಪೋಲ್ಡ್ ಈ ಇಕ್ಕಟ್ಟಿನಲ್ಲಿ ಸಹನೆಯ ಮಾರ್ಗವನ್ನೇ ಹಿಡಿದರು. ಕೋಪಗೊಂಡವರಿಗೆ ಪತ್ರಗಳನ್ನು ಬರೆದರು, ಸಭೆಗಳಲ್ಲಿ ವಿವರಿಸಿದರು, ಕಾಡಿಗೆ ಬಂದು ನೋಡಿರೆಂದು ಕರೆದರು. ಹೆಣ್ಣು ಜಿಂಕೆಗಳ ಬೇಟೆಗೆ ರಾಜ್ಯವು ಮತ್ತೆ ಅನುಮತಿಯಿತ್ತುದು 1949ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಹೊರಗಿನ ಈ ಗದ್ದಲದಿಂದ ಅವರಿಗೆ ನೆಮ್ಮದಿ ದೊರೆಯುತ್ತಿದ್ದುದು ಒಂದು ಬಡ ಜಮೀನಿನಲ್ಲಿ. 1935ರಲ್ಲಿ ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿ, ಬ್ಯಾರಬೂ ಪಟ್ಟಣದ ಹತ್ತಿರ, ಸಾರಗೆಟ್ಟ ಮರಳುನೆಲವೊಂದನ್ನು ಅವರು ಕೊಂಡಿದ್ದರು. ಹಿಂದಿನ ಒಡೆಯರು ಬೇಸಾಯ ಮಾಡಿ ಬರಡಾಗಿಸಿ ಬಿಟ್ಟುಹೋದ ನೆಲವದು. ಅಲ್ಲಿ ಉಳಿದಿದ್ದ ಕಟ್ಟಡವೆಂದರೆ ಗೊಬ್ಬರ ತುಂಬಿದ ಕೋಳಿಗೂಡೊಂದೇ. ಅದನ್ನೇ ತೊಳೆದು ಬಳಿದು ಗುಡಿಸಲಾಗಿ ಮಾಡಿಕೊಂಡು, ರಜೆಯ ದಿನಗಳಲ್ಲಿ ಹೆಂಡತಿ ಹಾಗೂ ಐವರು ಮಕ್ಕಳೊಡನೆ ಅಲ್ಲಿರುತ್ತಿದ್ದರು. 1936ರಲ್ಲಿ ನೆಟ್ಟ ಪೈನ್ ಸಸಿಗಳು ಬರಗಾಲದಲ್ಲಿ ಬಹುತೇಕ ಒಣಗಿಹೋದುವು. ಮರುವರ್ಷ ಮತ್ತೆ ನೆಟ್ಟರು. ವರ್ಷ ವರ್ಷವೂ ನೆಟ್ಟರು. ಸಾವಿರಾರು ಮರಗಳು ಬೇರೂರಿದುವು. ಹಾಳುನೆಲಕ್ಕೆ ಹಕ್ಕಿಗಳೂ ಜಿಂಕೆಗಳೂ ಮರಳಿದುವು. ಅಲ್ಲಿ ಮುಂಜಾನೆ ಕುಳಿತು ಬರೆದುಕೊಂಡ ಟಿಪ್ಪಣಿಗಳಿಂದ ಅವರ ಹೆಸರಾಂತ ಪುಸ್ತಕ ರೂಪುಗೊಂಡಿತು.

ಮನುಷ್ಯನು ನೆಲದ ಒಡೆಯನಲ್ಲ. ಮಣ್ಣು, ನೀರು, ಗಿಡಮರ, ಪ್ರಾಣಿಪಕ್ಷಿಗಳಿಂದ ಕೂಡಿದ ದೊಡ್ಡ ಸಮುದಾಯದಲ್ಲಿ ಅವನೂ ಒಬ್ಬ ಸದಸ್ಯ. ನೆರೆಯವರೊಡನೆ ನಡೆದುಕೊಳ್ಳುವಾಗ ನೀತಿಯ ಕಟ್ಟು ಹೇಗಿದೆಯೋ ಹಾಗೆಯೇ ನೆಲದೊಡನೆ ನಡೆದುಕೊಳ್ಳುವಾಗಲೂ ಇರಬೇಕು ಎಂಬುದು ಆ ಪುಸ್ತಕದ ಸಂದೇಶ. ವನ್ಯಪ್ರಾಣಿಗಳು ಜನಸಮುದಾಯದ ಸ್ವತ್ತು ಎಂಬಲ್ಲಿಂದ ಹೊರಟ ಅವರ ಚಿಂತನೆ, ಅವೂ ನಮ್ಮ ಸಮುದಾಯಕ್ಕೆ ಸೇರಿದುವು ಎಂಬಲ್ಲಿಗೆ ಬಂದು ನಿಂತಿತು. ಅನೇಕ ಪ್ರಕಾಶಕರು ಆ ಹಸ್ತಪ್ರತಿಯನ್ನು ಹಿಂದಿರುಗಿಸಿದ್ದರು. ಕೊನೆಗೆ 1948ರ ಏಪ್ರಿಲ್ 14ರಂದು, ಪುಸ್ತಕವನ್ನು ಪ್ರಕಟಿಸಲು ಒಪ್ಪಿರುವುದಾಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ದೂರವಾಣಿಯ ಮೂಲಕ ಸುದ್ದಿ ಬಂದಿತು.

ಅದಾದ ಒಂದು ವಾರಕ್ಕೆ, ಏಪ್ರಿಲ್ 21ರ ಬೆಳಿಗ್ಗೆ, ಗುಡಿಸಲಿನಲ್ಲಿದ್ದ ಲಿಯೊಪೋಲ್ಡರಿಗೆ ನೆರೆಯ ರೈತನ ಜಮೀನಿನಿಂದ ಹೊಗೆ ಏಳುತ್ತಿರುವುದು ಕಂಡಿತು. ಒಣಹುಲ್ಲಿಗೆ ಬೆಂಕಿ ತಗುಲಿ ಹರಡುತ್ತಿತ್ತು. ಅವರು ಹೆಂಡತಿಯನ್ನೂ ಕಿರಿಯ ಮಗಳನ್ನೂ ಕರೆದುಕೊಂಡು, ನೀರು ಚಿಮುಕಿಸುವ ಸಾಧನವನ್ನು ಹೊತ್ತು ಧಾವಿಸಿದರು. ಬೆಂಕಿಯೊಡನೆ ಹೋರಾಡುತ್ತಿದ್ದಾಗಲೇ ಹೃದಯಾಘಾತವಾಗಿ, ಅಲ್ಲಿಯೇ ನೆಲದ ಮೇಲೆ ಕೊನೆಯುಸಿರೆಳೆದರು. ಆಗ ಅವರಿಗೆ ಅರುವತ್ತೊಂದು ವರ್ಷ. ನೆರೆಯವನ ಹೊಲವನ್ನು ಉಳಿಸಲು ಹೋಗಿ ಅವರು ಪ್ರಾಣಬಿಟ್ಟರು. ಮರುವರ್ಷ ಪ್ರಕಟವಾದ ಪುಸ್ತಕದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮುಂದೆ ಮಾರಾಟವಾದುವು.

1998ರಲ್ಲಿ ಅರಿಜೋನದ ಅದೇ ಅಪಾಚೆ ಅರಣ್ಯಕ್ಕೆ, ಸಂರಕ್ಷಣೆಯಲ್ಲಿ ಸಾಕಿ ಬೆಳೆಸಿದ ಹನ್ನೊಂದು ತೋಳಗಳನ್ನು ಸರ್ಕಾರವೇ ತಂದು ಬಿಟ್ಟಿತು. ತೋಳಗಳು ಮರಳಿದಂತೆ ಪಶುಪಾಲಕರ ಆತಂಕವೂ ಮರಳಿತು. ಜಾನುವಾರುಗಳ ನಷ್ಟವನ್ನು ಯಾರು ಹೊರಬೇಕೆಂಬ ಪ್ರಶ್ನೆ ಮತ್ತೆ ಎದ್ದಿತು. ರೈಲಿಯ ರೈತನು ಅಂದು ಕೇಳಿದುದೂ ಇದನ್ನೇ. ಕಾಡುಪ್ರಾಣಿಗಳ ಚೆಲುವನ್ನು ಸವಿಯುವವರು ಒಂದೆಡೆ, ಅವುಗಳ ಕಾಟವನ್ನು ಸಹಿಸುವವರು ಇನ್ನೊಂದೆಡೆ ಇರುವವರೆಗೆ ಯಾವ ಕಾನೂನೂ ಅವುಗಳನ್ನು ಬಹುಕಾಲ ಉಳಿಸಲಾರದು. ಸಂಪತ್ತು ಎಲ್ಲರದಾದರೆ ಅದರ ಭಾರವೂ ಎಲ್ಲರದಾಗಬೇಕು. ಲಿಯೊಪೋಲ್ಡರು ಬಾಳಿ ತೋರಿಸಿದ ಈ ಮಾತು ಕಾಡಿರುವ ಎಲ್ಲ ನಾಡುಗಳಿಗೂ ಅನ್ವಯಿಸುತ್ತದೆ.